ಬೇಟೆ ಯಾರದು, ಕೇಸು ಯಾರ ಮೇಲೆ?



ಯುಗಾದಿ ಹತ್ತಿರ ಬಂತಂದ್ರೆ ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಜಗಳ. ಒಬ್ಬರು "ಬೇಟೆ ನಮ್ಮ ಹಿರಿಯರ ಕಾಲದಿಂದ ಬಂದದ್ದು, ಕಾನೂನು ಮೇಲ್ಜಾತಿಯವರು ಮಾಡಿದ್ದು" ಅಂತಾರೆ. ಇನ್ನೊಬ್ಬರು "ಇದು ಅನಾಗರಿಕತನ, ಹಿಡಿದು ಒಳಗೆ ಹಾಕಬೇಕು" ಅಂತಾರೆ. ಎರಡೂ ಕಡೆ ನಮ್ಮ ಹುಡುಗರೇ ಇರ್ತಾರೆ. ನಾನು ಎರಡರಲ್ಲಿ ಯಾವುದಕ್ಕೂ ಪೂರ್ತಿ ಹೂಂ ಅನ್ನಲ್ಲ. ಯಾಕೆ ಅಂತ ಹೇಳೋಕೆ ಈ ಪೋಸ್ಟ್. ಉದ್ದ ಇದೆ, ತಾಳ್ಮೆಯಿಂದ ಓದಿ.

ಮೊದಲೇ ಹೇಳಿಬಿಡ್ತೀನಿ. ಬೇಟೆ ಸರಿಯೋ ತಪ್ಪೋ ಅನ್ನೋ ಪ್ರಶ್ನೆಗೆ ನಮ್ಮ ಈ ನೆಲದಲ್ಲಿ ಸತ್ತ ಪ್ರಾಣಿಯನ್ನ ನೋಡಿ ಉತ್ತರ ಕೊಟ್ಟವರು ಕಡಿಮೆ. ಕೊಂದವನ ಜಾತಿ, ಅಂತಸ್ತು ನೋಡಿಯೇ ಉತ್ತರ ಕೊಟ್ಟಿದ್ದಾರೆ. ಅದಕ್ಕೇ ಇತಿಹಾಸದಿಂದ ಶುರು ಮಾಡ್ತೀನಿ.

1. ದಿಬ್ಬದ ಕಲ್ಲಿನ ಮೇಲಿನ ಬೇಟೆ

ಹಂಪಿಗೆ ಹೋದವರೆಲ್ಲ ಮಹಾನವಮಿ ದಿಬ್ಬ ಹತ್ತಿರ್ತೀರಿ. ಮೇಲೆ ಹತ್ತಿ ಸೆಲ್ಫಿ ತೆಗೆಯೋ ಮುಂಚೆ ಒಂದು ಸಲ ಕೆಳಗಿನ ಗೋಡೆಗಳನ್ನ ಸುತ್ತು ಹಾಕಿ ನೋಡಿ. ಆನೆ, ಕುದುರೆ, ಒಂಟೆ, ಕುಣಿಯುವವರ ಸಾಲುಗಳ ನಡುವೆ ಬೇಟೆಯ ಕೆತ್ತನೆಗಳಿವೆ. ಆಯುಧ ಹಿಡಿದ ಬೇಟೆಗಾರರು, ನಾಯಿಗಳು, ಜೀವ ಕೈಯಲ್ಲಿ ಹಿಡಿದು ಓಡುವ ಜಿಂಕೆಗಳು. ಮಹಾನವಮಿ ಹಬ್ಬದಲ್ಲಿ ಅರಸ ಕೂತು ತನ್ನ ವೈಭವ ತೋರಿಸುತ್ತಿದ್ದ ಜಾಗ ಅದು. ಅಂಥ ಜಾಗದಲ್ಲಿ ಬೇಟೆ ಕೆತ್ತಿಸಿದ್ದಾರೆ ಅಂದ್ರೆ, ಬೇಟೆ ಅರಸೊತ್ತಿಗೆಯ ಹೆಮ್ಮೆ ಆಗಿತ್ತು.

ಎರಡನೇ ದೇವರಾಯನ ಬಿರುದೇ 'ಗಜಬೇಟೆಕಾರ'. ಅವನ ಕಾಲದಲ್ಲಿ, 1443ರಲ್ಲಿ, ಪರ್ಷಿಯಾ ಕಡೆಯಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿ ಆನೆ ಹಿಡಿಯೋ ರೀತಿ ಬರೆದಿಟ್ಟಿದ್ದಾನೆ. ಆನೆ ನೀರಿಗೆ ಹೋಗೋ ದಾರಿಯಲ್ಲಿ ಆಳದ ಗುಂಡಿ ತೋಡಿ ಬೀಳಿಸ್ತಿದ್ರಂತೆ. ಗುಂಡಿ ತೋಡಿದವರ ಹೆಸರು ಎಲ್ಲೂ ಇಲ್ಲ. ಬಿರುದು ಮಾತ್ರ ಅರಸನದು.

ಮುಂದೆ 1530ರ ದಶಕದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ವಿಜಯನಗರದ ಅರಸರ ಊಟದ ಪಟ್ಟಿ ಕೊಡ್ತಾನೆ. ಆಕಳು, ಎತ್ತು ಬಿಟ್ಟು ಉಳಿದದ್ದೆಲ್ಲ ಇದೆ ಅದರಲ್ಲಿ. ಕುರಿ, ಹಂದಿ, ಜಿಂಕೆ, ಮೊಲ, ಪಾರಿವಾಳದಿಂದ ಹಿಡಿದು ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವೂ ಈ ಪೇಟೆಯಲ್ಲಿ ಮಾರಾಟಕ್ಕೆ ಇದ್ದವು ಅಂತಾನೆ. ಇವತ್ತು ಉಡ, ಇಲಿ ತಿನ್ನುವವರನ್ನ ಕಂಡು ಮೂಗು ಮುರಿಯುವವರು 'ಹಿಂದೂ ಸಾಮ್ರಾಜ್ಯದ ಸುವರ್ಣಯುಗ' ಅಂತ ಭಾಷಣ ಮಾಡೋ ಮೊದಲು ಈ ಪಟ್ಟಿಯನ್ನ ಒಮ್ಮೆ ಓದಲಿ.

ಹಂಪಿ ಹುಟ್ಟಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಹಕ್ಕ, ಬುಕ್ಕರು ಬೇಟೆಗೆ ಹೋಗಿದ್ದಾಗ ಮೊಲವೊಂದು ಬೇಟೆನಾಯಿಗಳ ಮೇಲೆಯೇ ತಿರುಗಿ ಬಿತ್ತಂತೆ. ಇದು ಗಂಡುಭೂಮಿ ಅಂತ ತಿಳಿದು ಅಲ್ಲೇ ರಾಜಧಾನಿ ಕಟ್ಟಿದರಂತೆ. ಕಥೆ ನಿಜವೋ ಸುಳ್ಳೋ ಬಿಡಿ, ಈ ಥರದ ಕಥೆ ಬೇರೆ ರಾಜಧಾನಿಗಳಿಗೂ ಇದೆ. ನಾನು ಗಮನಿಸೋದು ಇಷ್ಟೇ: ಅರಸ ಮೊಲದ ಬೆನ್ನು ಹತ್ತಿದರೆ ಸಾಮ್ರಾಜ್ಯ ಹುಟ್ಟುತ್ತೆ. ಅದೇ ಬಯಲಲ್ಲಿ ನಮ್ಮ ಹುಡುಗ ಮೊಲದ ಬೆನ್ನು ಹತ್ತಿದರೆ ಎಫ್‌ಐಆರ್ ಹುಟ್ಟುತ್ತೆ.

2. ಹಂಪಿಯ ಇಬ್ಬರು ಕವಿಗಳು

ವಿಜಯನಗರಕ್ಕಿಂತ ಮುಂಚೆಯೇ ಹಂಪಿಯಲ್ಲಿ ಇಬ್ಬರು ದೊಡ್ಡ ಕವಿಗಳಿದ್ದರು. ಹರಿಹರ, ಅವನ ಸೋದರಳಿಯ ರಾಘವಾಂಕ. ಇಬ್ಬರೂ ಬೇಟೆಯ ಬಗ್ಗೆ ಬರೆದಿದ್ದಾರೆ. ನಮ್ಮ ಕಣ್ಣಿಂದ ಅದನ್ನ ಮತ್ತೆ ಓದಬೇಕು.

ಹರಿಹರ ಕಣ್ಣಪ್ಪನ ರಗಳೆ ಬರೆದ. ಬೇಡರ ಕಣ್ಣಪ್ಪ ತಾನು ಬೇಟೆಯಾಡಿದ ಮಾಂಸವನ್ನೇ ಶಿವನಿಗೆ ಎಡೆ ಇಡ್ತಾನೆ. ಗುಡಿಯ ಪೂಜಾರಿಗೆ ಅದು ಮೈಲಿಗೆ, ಶಿವನಿಗೆ ಅಲ್ಲ. ಕೊನೆಗೆ ಕಣ್ಣು ಕಿತ್ತು ಕೊಟ್ಟವನು ಬೇಡ, ಪೂಜಾರಿ ಅಲ್ಲ. ಹರಿಹರ ವಿರೂಪಾಕ್ಷನ ಭಕ್ತ. ಇವತ್ತು ಅದೇ ವಿರೂಪಾಕ್ಷನ ಗುಡಿಯ ಆಸುಪಾಸಿನ ಹೋಟೆಲುಗಳಲ್ಲಿ ಒಂದು ತುಂಡು ಮಾಂಸ ಸಿಗಲ್ಲ. ಕಣ್ಣಪ್ಪ ಬಂದರೂ ಉಪವಾಸವೇ.

ರಾಘವಾಂಕನ ಹರಿಶ್ಚಂದ್ರ ಕಾವ್ಯ ಇನ್ನೂ ಮುಖ್ಯ. ಅಲ್ಲಿ ಹರಿಶ್ಚಂದ್ರ ಮೋಜಿಗಾಗಿ ಬೇಟೆಗೆ ಹೊರಡಲ್ಲ. ಕಾಡುಪ್ರಾಣಿಗಳ ಕಾಟ ತಡೆಯೋಕಾಗಲ್ಲ ಅಂತ ಪ್ರಜೆಗಳು ಮೊರೆ ಇಟ್ಟದ್ದಕ್ಕೆ ಹೊರಡ್ತಾನೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಮಾನವ-ವನ್ಯಜೀವಿ ಸಂಘರ್ಷ. ಬೇಟೆ ಮುಗಿಸಿ ದಣಿದು ಕೂತಾಗ ಇಬ್ಬರು ಹೊಲತಿಯರು ಬಂದು ಹಾಡ್ತಾರೆ. ವಿಶ್ವಾಮಿತ್ರ ಕಳಿಸಿದವರು ಅವರು. ಅರಸ ಮೆಚ್ಚಿ ಬಹುಮಾನ ಕೊಡೋಕೆ ಹೋದರೆ ಅವರು ಬೆಳ್ಗೊಡೆ ಕೇಳ್ತಾರೆ, ಆಮೇಲೆ ನಮ್ಮನ್ನ ಮದುವೆಯಾಗು ಅಂತಾರೆ. ಕೆಳಕುಲದವರು ನೀವು, ಆಗಲ್ಲ ಅಂತಾನೆ. ಆಗ ಅವರು ಕೇಳೋ ಪ್ರಶ್ನೆ ಇದೆಯಲ್ಲ, ಕನ್ನಡ ಸಾಹಿತ್ಯದಲ್ಲಿ ಅಸ್ಪೃಶ್ಯತೆಗೆ ಎದುರಾಗಿ ಕೇಳಿದ ದೊಡ್ಡ ಪ್ರಶ್ನೆಗಳಲ್ಲಿ ಒಂದು: ನಮ್ಮ ಹಾಡು ಕೇಳಿದ ನಿನ್ನ ಕಿವಿಗೆ ಮೈಲಿಗೆ ಆಗಲಿಲ್ಲ, ನಮ್ಮನ್ನ ನೋಡಿದ ಕಣ್ಣಿಗೆ ಆಗಲಿಲ್ಲ, ಮುಟ್ಟಿದರೆ ಮಾತ್ರ ಹೇಗೆ ಮೈಲಿಗೆ? ಉತ್ತರ ಸಿಗಲಿಲ್ಲ, ಏಟು ಸಿಕ್ಕಿತು.

ಬೇಟೆಯ ಬಯಲಲ್ಲೇ ಈ ಪ್ರಶ್ನೆ ಬಂದದ್ದು ನನಗೆ ಆಕಸ್ಮಿಕ ಅನ್ನಿಸಲ್ಲ. ಬೇಟೆಯಲ್ಲಿ ಎಲ್ಲ ಜಾತಿಯವರೂ ಬೇಕು. ಹಲಿಗೆ ಬಡಿಯೋರು ಬೇಕು, ಹೊರೆ ಹೊರೋರು ಬೇಕು, ಚರ್ಮ ಸುಲಿಯೋರು ಬೇಕು. ಹತ್ತಿರ ಬರೋದು ಮಾತ್ರ ಬೇಡ.

ನಮ್ಮಜ್ಜ ಹೇಳ್ತಿದ್ದ. ಊರ ಸಾಹುಕಾರನ ಮನೆಗೆ ಪಟ್ಟಣದಿಂದ ಬಂದೂಕಿನ ನೆಂಟರು ಬಂದ್ರೆ ಕೇರಿಗೆ ಹೇಳಿ ಕಳಿಸೋರು. ಹಲಿಗೆ ತಗೊಂಡು ಮುಳ್ಳುಕಂಟಿಯಾಗ ನುಗ್ಗಿ ಹಂದಿ ಎಬ್ಬಿಸಬೇಕು. "ಗುಂಡು ಹೊಡೆದವನಿಗೆ ಫೋಟೋ, ಹಂದಿ ಹಾಯ್ದವನಿಗೆ ತೊಡೆಗೆ ಹೊಲಿಗೆ" ಅಂತ ನಗ್ತಿದ್ದ. ಕೂಲಿ ಇಲ್ಲ, ಬಿಟ್ಟಿ ಚಾಕರಿ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳ್ತೀನಿ. ಬೇಡ ಸಮುದಾಯದ ಗೆಳೆಯರ ಜೊತೆ ನಮ್ಮವರು ಬೇಟೆಗೆ ಹೋದಾಗಲೂ ಪಾಲು ಹಾಕೋ ಹೊತ್ತಿಗೆ ನಮ್ಮ ಗುಡ್ಡೆ ಬೇರೆ ಕಡೆ ಇರ್ತಿತ್ತು. ಕಾಡಲ್ಲಿ ಒಂದೇ ದಾರಿ, ಊರಿಗೆ ಬಂದ ಮೇಲೆ ಎರಡು ದಾರಿ. 'ಬೇಟೆ ನಮ್ಮ ಸಂಸ್ಕೃತಿ' ಅನ್ನೋರು ಈ ಪಾಲಿನ ಗುಡ್ಡೆಯನ್ನೂ ನೆನಪಿಟ್ಟುಕೊಳ್ಳಬೇಕು.

3. ಬಿಲ್ಲು ಹಿಡಿದವನು ಅಪರಾಧಿ ಆದದ್ದು

ಕಂಪ್ಲಿಯ ಕಂಪಿಲರಾಯ, ಅವನ ಮಗ ಗಂಡುಗಲಿ ಕುಮಾರರಾಮ ನಮ್ಮ ಜನರ ನಾಲಿಗೆ ಮೇಲೆ ಇನ್ನೂ ಬದುಕಿದ್ದಾರೆ. 1327ರ ಹೊತ್ತಿಗೆ ದಿಲ್ಲಿಯ ದಂಡಿಗೆ ಆ ರಾಜ್ಯ ಬಿತ್ತು. ಆ ಕಥೆಯನ್ನ ಅರಮನೆಯ ಕವಿಗಳಷ್ಟೇ ಉಳಿಸಲಿಲ್ಲ, ತಿರುಗಾಡುವ ಹಾಡುಗಾರರೂ ಉಳಿಸಿದರು. ದರೋಜಿ ಅಂದ್ರೆ ಪ್ರವಾಸಿಗರಿಗೆ ಕರಡಿ ನೆನಪಾಗುತ್ತೆ. ನಮಗೆ ನೆನಪಾಗೋದು ಬುರ್ರಕಥಾ ಈರಮ್ಮ. ಬುಡ್ಗಜಂಗಮ ಸಮುದಾಯದ, ಅಕ್ಷರ ಕಲಿಯದ ಆ ತಾಯಿ ಕಾವ್ಯಗಳನ್ನೇ ಬಾಯಲ್ಲಿ ಇಟ್ಟುಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು.

ಅರಸರ ಕಾಲದಲ್ಲಿ ಬೇಡರು ಬೇಟೆಗಾರರೂ ಹೌದು, ದಂಡಾಳುಗಳೂ ಹೌದು. ಕಾಡಿನ ಜಾಡು ಬಲ್ಲವನೇ ಕೋಟೆಯ ಕಾವಲಿಗೂ ಬೇಕಿತ್ತು. ಇದನ್ನ ಮುರಿದದ್ದು ಬ್ರಿಟಿಷರು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. 1857ರಲ್ಲಿ ಆಯುಧ ಒಪ್ಪಿಸಿ ಅನ್ನೋ ಕಾಯ್ದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರಿಗೇ ಬೆಂಕಿ ಇಟ್ಟರು, ಹಿಡಿದವರಲ್ಲಿ 19 ಜನರನ್ನ ಗಲ್ಲಿಗೆ ಹಾಕಿದರು. ಆಯುಧ ಅವರಿಗೆ ಬರೀ ಕಬ್ಬಿಣ ಆಗಿರಲಿಲ್ಲ. ಅನ್ನವೂ ಅದರಿಂದ, ಮಾನವೂ ಅದರಿಂದ. ಇದಾದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕೊಡಗಿನವರಿಗೆ ಬಂದೂಕಿನ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇವತ್ತಿಗೂ ಇದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರ ಬಂದೂಕು ಪರಂಪರೆ, ಇನ್ನೊಬ್ಬರ ಉರುಲು ಅಪರಾಧ ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಕೇಳ್ತಿದೀನಿ.

ಲೆಕ್ಕ ಬಂದದ್ದು ಕಾಗದದಿಂದ. 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು, 1911ರಲ್ಲಿ ಅದು ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಿಸಿತು. ಬಳ್ಳಾರಿ ಜಿಲ್ಲೆ ಆಗ ಮದ್ರಾಸಿನದ್ದೇ. ಬೇಟೆ, ಅಲೆಮಾರಿತನವೇ ಕಸುಬಾಗಿದ್ದ ಎಷ್ಟೋ ಸಮುದಾಯಗಳು ಹುಟ್ಟಿನಿಂದಲೇ ಕಳ್ಳರು ಅನ್ನಿಸಿಕೊಂಡವು. ನಮ್ಮ ಭಾಗದ ಹರಣಶಿಕಾರಿಗಳನ್ನ ನೋಡಿ, ಹೆಸರಲ್ಲೇ ಜಿಂಕೆಯ ಬೇಟೆ ಇದೆ. ಚಿಗರಿ ಬೇಟೆಗಾರರು ಅಂತಲೂ ಕರೀತಾರೆ. ಕಸುಬನ್ನೇ ಹೆಸರಾಗಿ ಹೊತ್ತವರಿಗೆ ಆ ಹೆಸರೇ ಪೊಲೀಸ್ ಠಾಣೆಯ ದಾರಿ ಆಯಿತು.

ಕಾಡಿಗೂ ಇದೇ ಗತಿ. 1882ರ ಮದ್ರಾಸ್ ಅರಣ್ಯ ಕಾಯ್ದೆ ಊರಿನ ಕಾಡನ್ನ ಸರ್ಕಾರದ ಕಾಡು ಮಾಡಿತು. ಅದಕ್ಕಿಂತ ಮೊದಲೇ, 1879ರಲ್ಲಿ, ಮದ್ರಾಸ್ ಪ್ರಾಂತ್ಯದ ನೀಲಗಿರಿಯಲ್ಲಿ ಬೇಟೆ ಕಾಯ್ದೆ ಬಂದಿತ್ತು. ಲೈಸೆನ್ಸ್ ತಗೊಂಡು, ಋತು ನೋಡಿ ಬಂದೂಕಲ್ಲಿ ಹೊಡೆದರೆ ಅದು ಆಟ. ಅಂಥ ಕಾಯ್ದೆ ಬರೆದವರ ಕಣ್ಣಲ್ಲಿ ಬಲೆ, ಉರುಲು ಹಾಕೋನು ಕಳ್ಳ. ಹೊಟ್ಟೆಗೆ ಕೊಲ್ಲೋನು ಕೀಳು, ಗೋಡೆಗೆ ತಲೆ ನೇತುಹಾಕೋಕೆ ಕೊಲ್ಲೋನು ದೊರೆ.

ಹಾಗಾದ್ರೆ ಕಾಡು ಖಾಲಿ ಮಾಡಿದವರು ಯಾರು? ಇತಿಹಾಸಕಾರ ಮಹೇಶ್ ರಂಗರಾಜನ್ ಕೊಡುವ ಲೆಕ್ಕ ನೋಡಿ. 1875ರಿಂದ 1925ರವರೆಗಿನ 50 ವರ್ಷಗಳಲ್ಲಿ ಇಂಡಿಯಾದಲ್ಲಿ 80 ಸಾವಿರಕ್ಕೂ ಹೆಚ್ಚು ಹುಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಚಿರತೆ, 2 ಲಕ್ಷದಷ್ಟು ತೋಳ ಸತ್ತವು. ಸರ್ಕಾರವೇ ತಲೆಗೆ ಇಷ್ಟು ಅಂತ ಇನಾಮು ಕೊಡ್ತಿತ್ತು. ಆ ಇನಾಮಿನ ಆಸೆಗೆ ಕೊಂದ ಬಡವರೂ ಇದ್ದರು, ಇಲ್ಲ ಅನ್ನಲ್ಲ. ಆದ್ರೆ ಇನಾಮು ಘೋಷಿಸಿದ್ದು ಕೇರಿಯವರಲ್ಲ. ಇಂಡಿಯಾದ ಕೊನೆಯ ಮೂರು ಚೀತಾಗಳನ್ನ 1947ರಲ್ಲಿ ಕೊಂದವನು ಮಧ್ಯ ಇಂಡಿಯಾದ ಕೊರಿಯಾ ಸಂಸ್ಥಾನದ ಮಹಾರಾಜ ಅಂತ ದಾಖಲೆ ಹೇಳುತ್ತೆ.

1952ರಲ್ಲಿ ಎರಡು ಘೋಷಣೆ ಬಂದವು. ಚೀತಾ ಅಳಿದುಹೋಯಿತು ಅಂತ ಒಂದು. ಆಗಸ್ಟ್ 31ರಂದು ಕ್ರಿಮಿನಲ್ ಟ್ರೈಬ್ಸ್ ಪಟ್ಟಿ ರದ್ದಾಯಿತು ಅಂತ ಇನ್ನೊಂದು. ಇಪ್ಪತ್ತು ವರ್ಷ ಆದ ಮೇಲೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಒಂದು ಪಟ್ಟಿಯಿಂದ ಬಿಡುಗಡೆಯಾದ ಬೇಟೆಗಾರ ಸಮುದಾಯ ಇನ್ನೊಂದು ಕಾಯ್ದೆಯ ಬಾಗಿಲಿಗೆ ಬಂದು ನಿಂತಿತು.

4. ಆದರೂ 1972ರ ಕಾಯ್ದೆ ಬೇಕು ಅಂತೀನಿ

ಇಷ್ಟೆಲ್ಲ ಹೇಳಿದ ಮೇಲೆ "ಹಾಗಾದ್ರೆ ಕಾನೂನು ತೆಗೀರಿ ಅಂತೀಯಾ?" ಅಂತ ಕೇಳ್ತೀರಿ. ಇಲ್ಲ. ಬಂದೂಕಿನ ಮಹಾರಾಜರನ್ನೂ ಶಿಕಾರಿ ಕಂಪನಿಗಳನ್ನೂ ಕಾಡಿನಿಂದ ಹೊರಗೆ ಹಾಕಿದ್ದು ಇದೇ ಕಾಯ್ದೆ. ಅದಿಲ್ಲದಿದ್ರೆ ನಮ್ಮ ಗುಡ್ಡಗಳಲ್ಲಿ ಕರಡಿ, ಚಿರತೆ ಇವತ್ತು ಇರ್ತಿರಲಿಲ್ಲ ಅಂತ ನನ್ನ ನಂಬಿಕೆ.

ಕೆಲವರು ಹೇಳ್ತಾರೆ, ಅರಸರ ಬೇಟೆಯೇ ಕಾಡು ಉಳಿಸಿತು ಅಂತ. ಅದರಲ್ಲಿ ಅರ್ಧ ಸತ್ಯ ಇದೆ. ಇವತ್ತಿನ ಬಂಡೀಪುರ, ನಾಗರಹೊಳೆ ಎರಡೂ ಮೈಸೂರು ಅರಸರ ಬೇಟೆಕಾಡುಗಳೇ. 1931ರಲ್ಲಿ ಬಂಡೀಪುರದ 90 ಚದರ ಕಿಲೋಮೀಟರ್ ಭಾಗ ವೇಣುಗೋಪಾಲ ವನ್ಯಜೀವಿ ಉದ್ಯಾನ ಆಯಿತು. ಬೇಲಿ ಹಾಕಿದ ಕಡೆ ಮರ ಉಳಿದವು, ಪ್ರಾಣಿ ಉಳಿದವು. ಉಳಿದ ಅರ್ಧ ಸತ್ಯ ಏನಂದ್ರೆ, ಅದೇ ಕಾಡಿನಿಂದ ಜೇನುಕುರುಬರನ್ನ ಹೊರಗೆ ಹಾಕಿದರು. ಆನೆಯ ದಾರಿ ಅವರಿಂದ ಕಲಿತು, ಖೆಡ್ಡಾಕ್ಕೆ ಅವರನ್ನ ದುಡಿಸಿಕೊಂಡು, ಕೊನೆಗೆ ಅವರನ್ನೇ ಅತಿಕ್ರಮಣಕಾರರು ಅಂದರು.

ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಕಾಯ್ದೆಯ ವಿವರ ಗೊತ್ತಿಲ್ಲ, ಅದಕ್ಕೇ ಬರೀತೀನಿ. ಕೊಲ್ಲೋದು ಮಾತ್ರ ಬೇಟೆ ಅಂತ ತಿಳ್ಕೋಬೇಡಿ. ಉರುಲು ಹಾಕೋದು, ಬಲೆ ಬೀಸೋದು, ಗಾಯ ಮಾಡೋದು, ಅಟ್ಟಿಸಿ ಓಡಿಸೋದು, ಹಕ್ಕಿಯ ಮೊಟ್ಟೆ, ಗೂಡು ಹಾಳು ಮಾಡೋದು ಎಲ್ಲವೂ ಕಾಯ್ದೆ ಪ್ರಕಾರ ಬೇಟೆ. ಹಲಿಗೆ ಬಡಿದು ಪ್ರಾಣಿ ಎಬ್ಬಿಸಿದವನೂ ಆರೋಪಿಯೇ. ಮೊಲ, ಗೌಜಲಕ್ಕಿ, ಕಾಡುಹಂದಿ, ಉಡ ಎಲ್ಲಕ್ಕೂ ಕಾಯ್ದೆಯ ರಕ್ಷಣೆ ಇದೆ. ಕರಡಿ, ಚಿರತೆ, ಉಡ ಮೊದಲನೇ ಶೆಡ್ಯೂಲಿನಲ್ಲಿವೆ. ಅವನ್ನ ಕೊಂದರೆ, ಅಥವಾ ಅಭಯಾರಣ್ಯದೊಳಗೆ ಬೇಟೆ ಮಾಡಿದರೆ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಬೈಕನ್ನೂ ಜಪ್ತಿ ಮಾಡ್ತಾರೆ. ಇನ್ನೊಂದು ಮಾತು ಇಲಾಖೆಯವರು ಹೇಳೋದು ಕಡಿಮೆ: ಮೈಮೇಲೆ ಬಿದ್ದ ಪ್ರಾಣಿಯನ್ನ ಜೀವ ಉಳಿಸಿಕೊಳ್ಳೋಕೆ ಕೊಂದರೆ ಅದು ಅಪರಾಧ ಅಲ್ಲ. ಆ ಹೊತ್ತಲ್ಲಿ ನೀವು ಇದೇ ಕಾಯ್ದೆಯನ್ನ ಮುರೀತಿರಬಾರದು, ಅಷ್ಟೇ.

5. ಬಾಬಾಸಾಹೇಬರ ಅಳತೆಗೋಲು

ಕಾನೂನು ಬಿಟ್ಟು ನೀತಿಯ ಮಾತಿಗೆ ಬರೋಣ. ಕೊಲ್ಲೋದು ಸರಿಯಾ? ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯ ಬಗ್ಗೆ ಬರೆಯುವಾಗ ಒಂದು ವ್ಯತ್ಯಾಸ ಮಾಡ್ತಾರೆ. ಕೊಲ್ಲಬೇಕಾದ ಅಗತ್ಯ ಬೇರೆ, ಕೊಲ್ಲಬೇಕೆಂಬ ಇಚ್ಛೆ ಬೇರೆ. ಬುದ್ಧ ಅಗತ್ಯವನ್ನ ಒಪ್ಪಿಕೊಂಡು ಇಚ್ಛೆಯನ್ನ ತಳ್ಳಿಹಾಕಿದ ಅನ್ನೋದು ಅವರ ಓದು. ಬ್ರಾಹ್ಮಣಧರ್ಮದಲ್ಲಿ ಕೊಲ್ಲುವ ಇಚ್ಛೆ ಇದೆ, ಜೈನರಲ್ಲಿ ಎಂದೂ ಕೊಲ್ಲಬಾರದೆಂಬ ಹಟ ಇದೆ, ಬುದ್ಧನದು ನಡುದಾರಿ.

ಈ ಅಳತೆಗೋಲು ನನಗೆ ಸಾಕು. ಬರಗಾಲದಲ್ಲಿ ಮಕ್ಕಳಿಗೆ ಹಾಕೋಕೆ ಏನೂ ಇಲ್ಲದೆ ಮೊಲಕ್ಕೆ ಉರುಲು ಹಾಕಿದ ನಮ್ಮ ಹಿರಿಯರದು ಅಗತ್ಯ. ಅವರನ್ನ ಅನಾಗರಿಕರು ಅನ್ನೋಕೆ ಯಾರಿಗೂ ಹಕ್ಕಿಲ್ಲ. ಗಜಬೇಟೆಯದು ಇಚ್ಛೆ. ದೊರೆಗಳ ಶಿಕಾರಿಯದು ಇಚ್ಛೆ.

ಆದ್ರೆ ತಮ್ಮಂದಿರಾ, ಅಳತೆಗೋಲು ನಮಗೂ ಒಂದೇ. ಇವತ್ತು ಹತ್ತು ಬೈಕು, ಹಣೆಗೆ ಎಲ್‌ಇಡಿ ಲೈಟು, ಇಪ್ಪತ್ತು ನಾಯಿ ಕಟ್ಟಿಕೊಂಡು ಹೋಗಿ, ಸತ್ತ ಮೊಲಗಳನ್ನ ಕೋಲಿಗೆ ಕಟ್ಟಿ ಸ್ಟೇಟಸ್ ಹಾಕೋದು ಯಾವ ಅಗತ್ಯ? ಅದರಲ್ಲಿ ಹಸಿವು ಇಲ್ಲ. ದಿಬ್ಬದ ಮೇಲಿನ ಅರಸನ ನಕಲು ಇದೆ, ಅಷ್ಟೇ. ಹಂದಿಗೆ ಅಂತ ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ಬಾಯಿ ಸಿಡಿದು ಸಾಯೋದು ಎಷ್ಟೋ ಸಲ ನಮ್ಮದೇ ಎಮ್ಮೆ, ನಾಯಿ. ಹೊಲಕ್ಕೆ ಬಿಟ್ಟ ಕರೆಂಟ್ ತಂತಿಗೆ ಸಾಯೋದು ಬೆಳಿಗ್ಗೆ ನೀರು ಕಟ್ಟೋಕೆ ಹೋದ ನಮ್ಮದೇ ಕೂಲಿಯವರು. ಇದನ್ನ ಸಂಸ್ಕೃತಿ ಅಂತ ನಾನು ಸಮರ್ಥಿಸಲ್ಲ.

6. ಕರಡಿಗೆ ಬೆಲ್ಲ, ನಮಗೆ ಬೇಲಿ

1994ರಲ್ಲಿ ಬಿಳಿಕಲ್ಲು ಅರಣ್ಯದ ಸುಮಾರು 55 ಚದರ ಕಿಲೋಮೀಟರ್ ದರೋಜಿ ಕರಡಿಧಾಮ ಆಯಿತು. ಆಮೇಲೆ ಅದು 82 ಚದರ ಕಿಲೋಮೀಟರ್ ದಾಟಿತು. ಕಮಲಾಪುರದ ಕಡೆಯಿಂದ ಹೋಗಿ ಸಂಜೆ ಹೊತ್ತು ವೀಕ್ಷಣಾ ಗೋಪುರದಲ್ಲಿ ಕೂತರೆ, ಬಂಡೆಗೆ ಹಚ್ಚಿದ ಬೆಲ್ಲ ನೆಕ್ಕೋಕೆ ಕರಡಿಗಳು ಮರಿಗಳ ಜೊತೆ ಇಳಿದು ಬರ್ತವೆ. ನೋಡಿದ್ರೆ ಖುಷಿ ಆಗುತ್ತೆ, ಸುಳ್ಳು ಹೇಳಲ್ಲ. ಒಣಗಿ ಬೋಳಾಗಿದ್ದ ಗುಡ್ಡ ಹಸಿರಾಗಿದೆ. ನವಿಲು, ಗೌಜಲಕ್ಕಿ ಕೂಗು ಕೇಳುತ್ತೆ.

ಆದ್ರೆ ಕರಡಿ ತಿನ್ನೋದು ಏನು? ಬಾರಿಹಣ್ಣು, ಕಾರಿಹಣ್ಣು, ಸೀತಾಫಲ, ಜೇನು, ಗೆದ್ದಲು. ಗೆದ್ದಲು ಬಿಟ್ಟರೆ ಉಳಿದದ್ದೆಲ್ಲ ನಮ್ಮ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಸಂತೆಗೆ ಮಾರ್ತಿದ್ದದ್ದೇ. ಸೌದೆಗೂ ಅದೇ ಗುಡ್ಡ, ಕುರಿಗೂ ಅದೇ ಗುಡ್ಡ. ಬೇಲಿ ಬಿದ್ದಾಗ ಪಾಲು ಕಳ್ಕೊಂಡವರು ಯಾರು ಅಂತ ಕೇಳಬೇಕು. ಬೆಳಗಿನ ಜಾವ ಹೊಲಕ್ಕೆ, ಬಯಲಿಗೆ ಹೋದಾಗ ಕರಡಿ ಕೈಗೆ ಸಿಕ್ಕು ಮುಖ ಹರಿಸಿಕೊಳ್ಳೋರೂ ಕೂಲಿಯವರು, ಕುರಿಗಾಹಿಗಳೇ. ಗೋಪುರದ ಮೇಲೆ ಕ್ಯಾಮೆರಾ ಹಿಡಿದು ಕೂತವರಲ್ಲ.

ಕರಡಿಯ ವಿಷಯದಲ್ಲೇ ಬೇರೆ ದಾರಿ ಇದೆ ಅಂತ ತೋರಿಸಿದ ಉದಾಹರಣೆಯೂ ಇದೆ. ಕರಡಿ ಕುಣಿಸುವ ಕಲಂದರ್ ಸಮುದಾಯ ನಿಮಗೆ ನೆನಪಿರಬೇಕು. ಮರಿ ಹಿಡಿದು, ಮೂಗು ಚುಚ್ಚಿ ಹಗ್ಗ ಹಾಕೋದು ಕ್ರೂರ ಕಸುಬೇ. 1972ರಿಂದ ಅದು ಕಾನೂನುಬಾಹಿರ, ಆದ್ರೆ ಬರೀ ಕಾನೂನಿನಿಂದ ನಿಲ್ಲಲಿಲ್ಲ. ಕುಟುಂಬಗಳಿಗೆ ಬೇರೆ ಕಸುಬಿಗೆ ಹಣ, ಹೆಂಗಸರಿಗೆ ಕೆಲಸ, ಮಕ್ಕಳಿಗೆ ಶಾಲೆ ಅಂತ ಮಾತಾಡಿದ ಮೇಲೆ ಅವರೇ ಕರಡಿ ಒಪ್ಪಿಸಿದರು. ಕೊನೆಯ ಕುಣಿತದ ಕರಡಿ 2009ರಲ್ಲಿ ನಮ್ಮ ಬನ್ನೇರುಘಟ್ಟದ ಕೇಂದ್ರ ಸೇರಿತು. ಹರಣಶಿಕಾರಿಗೆ, ಬೇಡನಿಗೆ, ನಮ್ಮ ಕೇರಿಗೆ ಈ ಮಾತುಕತೆ ಯಾಕಿಲ್ಲ?

ಹೊಳೆಯ ಕಡೆಯೂ ಇದೇ ಪ್ರಶ್ನೆ. 2015ರಲ್ಲಿ ತುಂಗಭದ್ರಾ ಡ್ಯಾಮಿನ ಕೆಳಗಿನಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ದೇಶದಲ್ಲೇ ಮೊದಲನೆಯದು. ಡೈನಮೈಟ್ ಹಾಕಿ ಮೀನು ಹಿಡಿಯೋದು ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹರಿಗೋಲು ಹಾಕಿ ಬಲೆ ಬೀಸೋ ಮೀನುಗಾರ ನೀರುನಾಯಿಯ ಶತ್ರು ಅಲ್ಲ. ಅದು ಎಲ್ಲಿ ಮರಿ ಹಾಕುತ್ತೆ ಅಂತ ಅವನಷ್ಟು ಬಲ್ಲವರು ಯಾರೂ ಇಲ್ಲ. ಅವನನ್ನ ಕಾವಲುಗಾರ ಮಾಡ್ಕೊಳ್ಳಿ.

7. ಗುಡ್ಡವನ್ನೇ ಬೇಟೆಯಾಡಿದವರು

ಈಗ ಸಂಡೂರಿಗೆ ಬನ್ನಿ. ಸಂಡೂರು ರಾಜಮನೆತನದ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿ ಆಗಿದ್ದವರು, ಒಳ್ಳೆಯ ವನ್ಯಜೀವಿ ಛಾಯಾಗ್ರಾಹಕರೂ ಹೌದು, ಆ ಬಗ್ಗೆ ಪುಸ್ತಕ ಬರೆದಿದ್ದಾರೆ. ಬಂದೂಕಿನ ಕಾಲದಿಂದ ಕ್ಯಾಮೆರಾದ ಕಾಲಕ್ಕೆ ಅರಮನೆಗಳು ಬಂದದ್ದು ಒಳ್ಳೆಯದೇ. ಆದ್ರೆ ಅದೇ ಕಾಲದಲ್ಲಿ ಆ ಪ್ರಾಣಿಗಳ ಮನೆಯಾದ ಗುಡ್ಡಗಳಿಗೆ ಮ್ಯಾಂಗನೀಸ್, ಕಬ್ಬಿಣದ ಗಣಿಗಳು ಬಂದವು. 2000ದ ನಂತರ ಏನಾಯಿತು ಅಂತ ಕೆಂಪು ಧೂಳು ಕುಡಿದ ನಮಗೆ ಯಾರೂ ಹೇಳಬೇಕಿಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಮತ್ತೆ ಶುರುವಾಯಿತು. ಈಚೆಗೆ ದೇವದಾರಿ ಗುಡ್ಡದಲ್ಲಿ ಸುಮಾರು 400 ಹೆಕ್ಟೇರ್ ಕಾಡು, ಹೆಚ್ಚುಕಡಿಮೆ 99 ಸಾವಿರ ಮರಗಳ ಲೆಕ್ಕ ಬಂದಾಗ ಸಂಡೂರಿನ ಜನ ಬೀದಿಗಿಳಿದರು.

ಮೇಲೆ ಹೇಳಿದ ಕಾಯ್ದೆಯ ವ್ಯಾಖ್ಯೆ ನೆನಪು ಮಾಡ್ಕೊಳ್ಳಿ. ಹಕ್ಕಿಯ ಗೂಡು ಕೆಡಿಸಿದರೂ ಬೇಟೆ. ಹಾಗಾದ್ರೆ ಚಿರತೆಯ ಗವಿ, ಕರಡಿಯ ಗವಿ, ಸಾವಿರ ಗೂಡು ಇರೋ ಗುಡ್ಡವನ್ನ ಸಿಡಿಮದ್ದು ಇಟ್ಟು ಹಾರಿಸಿ ಲಾರಿಗೆ ತುಂಬಿದರೆ ಅದನ್ನ ಏನಂತೀರಿ? ಕಾಗದದಲ್ಲಿ ಅದರ ಹೆಸರು ಅಭಿವೃದ್ಧಿ, ಅನುಮತಿ, ಪರಿಹಾರ ಅರಣ್ಯೀಕರಣ. ಮೊಲಕ್ಕೆ ಉರುಲು ಹಾಕಿದವನಿಗೆ ಜಾಮೀನು ಕೊಡಿಸೋಕೆ ಅವನ ಹೆಂಡತಿ ತಾಳಿ ಅಡ ಇಡ್ತಾಳೆ. ಗುಡ್ಡ ತಿಂದವನು ಚುನಾವಣೆಗೆ ನಿಲ್ತಾನೆ. ಸಂಡೂರು, ಕಂಪ್ಲಿ ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಸೀಟು ಮೀಸಲು, ಗುಡ್ಡದ ಮೇಲಿನ ಮಾತು ಮಾತ್ರ ಯಾರದೋ.

8. ಡಾಲರ್ ಬೇಟೆ

"ಬೇಟೆಗೆ ಲೈಸೆನ್ಸ್ ಕೊಟ್ಟು ಆ ಹಣದಿಂದಲೇ ಕಾಡು ಉಳಿಸಬಹುದು, ಹೊರದೇಶದಲ್ಲಿ ಹಾಗೇ ಮಾಡ್ತಾರೆ" ಅನ್ನೋ ವಾದವೂ ಈಗ ಓಡಾಡ್ತಿದೆ. ಅಮೆರಿಕದಲ್ಲಿ 1937ರಿಂದ ಬಂದೂಕು, ಮದ್ದುಗುಂಡಿನ ತೆರಿಗೆ ಹಣ ವನ್ಯಜೀವಿಗಳಿಗೆ ಹೋಗುತ್ತೆ, ನಿಜ. ಆಫ್ರಿಕಾದ ನಮೀಬಿಯಾದಲ್ಲಿ 1996ರ ಕಾನೂನು ಹಳ್ಳಿ ಸಮುದಾಯಗಳಿಗೆ ವನ್ಯಜೀವಿಗಳ ಮೇಲೆ ಹಕ್ಕು ಕೊಟ್ಟಿತು. ಹೊರಗಿನ ಶ್ರೀಮಂತ ಬೇಟೆಗಾರರು ಕೊಡೋ ಹಣದಲ್ಲಿ, ಪ್ರವಾಸೋದ್ಯಮದ ಹಣದಲ್ಲಿ ಹಳ್ಳಿಗೆ ಪಾಲು. ಅಲ್ಲಿ ಆನೆಗಳ ಸಂಖ್ಯೆ ಏರಿತು. 2015ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಅನ್ನೋ ಸಿಂಹವನ್ನ ಅಮೆರಿಕದ ಹಲ್ಲಿನ ಡಾಕ್ಟರೊಬ್ಬ ಕೊಂದಾಗ ಜಗತ್ತೇ ಬೈದದ್ದೂ ನಿಮಗೆ ನೆನಪಿರಬಹುದು.

ನನ್ನ ಮಾತು ಇಷ್ಟು. ಇಲ್ಲಿ ಡಾಲರ್ ಕೊಟ್ಟು ಕರಡಿ ಹೊಡೆಯೋ ಲೈಸೆನ್ಸ್ ಬಂದರೆ ಮತ್ತೆ ಹಲಿಗೆ ಬಡಿಯೋಕೆ ನಮ್ಮನ್ನೇ ಕರೀತಾರೆ, ರೆಸಾರ್ಟ್ ಮಾತ್ರ ಬೇರೆಯವರದು. ನಮೀಬಿಯಾದಿಂದ ಕಲಿಯಬೇಕಾದ್ದು ಬಂದೂಕನ್ನಲ್ಲ, ಒಡೆತನವನ್ನ. ಪ್ರಾಣಿ ಬದುಕಿದ್ರೆ ತನಗೆ ಲಾಭ ಅಂತ ಗೊತ್ತಾದ ಹಳ್ಳಿ ಅದನ್ನ ತಾನೇ ಕಾಯುತ್ತೆ. ಕರಡಿ ನೋಡೋಕೆ ಬಂದವರ ಟಿಕೆಟ್ ಹಣದಲ್ಲಿ ದರೋಜಿ, ರಾಮಸಾಗರದ ಕೇರಿಗಳಿಗೆ ಪಾಲು ಕೊಡಿ. ಅದಕ್ಕೆ ಯಾರೂ ಗುಂಡು ಹೊಡೆಯಬೇಕಿಲ್ಲ.

9. ಏನು ಮಾಡಬೇಕು

2006ರ ಅರಣ್ಯ ಹಕ್ಕು ಕಾಯ್ದೆ ಸಾಂಪ್ರದಾಯಿಕ ಹಕ್ಕುಗಳನ್ನ ಒಪ್ಪುತ್ತೆ, ಬೇಟೆಯ ಹಕ್ಕನ್ನ ಮಾತ್ರ ಸ್ಪಷ್ಟವಾಗಿ ಹೊರಗಿಡುತ್ತೆ. ಅದನ್ನ ನಾನು ಒಪ್ತೀನಿ. ಆದ್ರೆ ಅದೇ ಕಾಯ್ದೆ ಕಾಡಿನ ಕಿರು ಉತ್ಪನ್ನಗಳ ಮೇಲೆ, ಸಮುದಾಯದ ಕಾಡು ಕಾಯೋದರ ಮೇಲೆ ಗ್ರಾಮಸಭೆಗೆ ಹಕ್ಕು ಕೊಟ್ಟಿದೆ. ಇದರಲ್ಲಿ ನಮಗೊಂದು ಮುಳ್ಳಿದೆ. ಪರಿಶಿಷ್ಟ ಪಂಗಡದವರಿಗೆ ಇಲ್ಲದ ಷರತ್ತು ದಲಿತರಿಗೆ ಇದೆ: ಮೂರು ತಲೆಮಾರು, ಅಂದ್ರೆ 75 ವರ್ಷ, ಆ ಕಾಡನ್ನೇ ನಂಬಿ ಅಲ್ಲೇ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಓದು ಕೊಡದೆ, ಜಮೀನು ಕೊಡದೆ, ಊರೊಳಗೆ ಬಿಡದೆ ಇಟ್ಟವರ ಹತ್ರ 75 ವರ್ಷದ ಕಾಗದ ಕೇಳೋದು ಯಾವ ನ್ಯಾಯ? ಬೇಡ, ಹರಣಶಿಕಾರಿ, ದಲಿತ ಸಂಘಟನೆಗಳು ಒಟ್ಟಿಗೆ ಕೂತು ಈ ಷರತ್ತಿನ ವಿರುದ್ಧ ಮಾತಾಡಬೇಕು. ಪಾಲಿನ ಗುಡ್ಡೆ ಬೇರೆ ಇಡೋ ಕಾಲ ಮುಗೀಬೇಕು.

ನನ್ನ ಬೇಡಿಕೆಗಳು ಇವು. ಕರಡಿಧಾಮ, ನೀರುನಾಯಿ ಪ್ರದೇಶದ ಕಾವಲುಗಾರ, ಗೈಡ್ ಕೆಲಸ ಸುತ್ತಲಿನ ಹಳ್ಳಿಯ ಬೇಟೆಗಾರ ಸಮುದಾಯಗಳಿಗೆ, ದಲಿತರಿಗೆ, ಮೀನುಗಾರರಿಗೆ ಮೊದಲು ಸಿಗಬೇಕು. ಹೊರಗುತ್ತಿಗೆಯಲ್ಲಿ ಬೇಡ, ಕಾಯಂ ಸಂಬಳದಲ್ಲಿ. ಕರಡಿ ದಾಳಿಗೆ ಸಿಕ್ಕವರ ಪರಿಹಾರ ಆಸ್ಪತ್ರೆಯಿಂದ ಮನೆಗೆ ಬರೋದರೊಳಗೆ ಕೈ ಸೇರಬೇಕು. ಹಣ್ಣು, ಸೌದೆ, ಹುಲ್ಲಿನ ಹಕ್ಕನ್ನ ಗ್ರಾಮಸಭೆ ತೀರ್ಮಾನಿಸಬೇಕು. ಮೊಲದ ಕೇಸಿಗೆ ಎಷ್ಟು ಬೇಗ ಚಾರ್ಜ್‌ಶೀಟ್ ಹಾಕ್ತಾರೋ ಗುಡ್ಡದ ಕೇಸಿಗೂ ಅಷ್ಟೇ ಬೇಗ ಹಾಕಬೇಕು.

ಹುಡುಗರಿಗೆ ಒಂದು ಮಾತು. ಈ ಯುಗಾದಿಗೆ ನಾಯಿ, ಬಲೆ, ಬೈಕು ಮನೆಯಲ್ಲಿರಲಿ. ಇಲಾಖೆಗೆ ಹೆದರಿ ಅಲ್ಲ. ಒಂದು ಕೇಸಾದರೆ ನಿಮ್ಮ ನೌಕರಿ, ಪಾಸ್‌ಪೋರ್ಟ್, ತಂಗಿಯ ಮದುವೆ ಎಲ್ಲ ಅದರ ಹಿಂದೆ ನಿಲ್ತವೆ. ಅರಸನ ಆಟ ಆಡಿ ಬಡವನ ಶಿಕ್ಷೆ ಅನುಭವಿಸಬೇಡಿ. ಹಬ್ಬಕ್ಕೆ ಮಾಂಸ ಬೇಕಾದ್ರೆ ಕುರಿ ತನ್ನಿ, ಕೇರಿಯೆಲ್ಲ ಕೂಡಿ ಉಣ್ಣೋಣ. ನಮ್ಮ ಊಟದ ಬಗ್ಗೆ ಯಾರ ಅಪ್ಪಣೆಯೂ ನಮಗೆ ಬೇಕಿಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದದ್ದು ಬಾಯಾರಿಕೆಗೆ ಅಲ್ಲ, ಎಲ್ಲರ ಸ್ವತ್ತಿನಲ್ಲಿ ನಮ್ಮ ಪಾಲಿದೆ ಅಂತ ಹೇಳೋಕೆ. ನಮ್ಮ ಗುಡ್ಡ, ಹೊಳೆ, ಅಲ್ಲಿರೋ ಕರಡಿ, ನೀರುನಾಯಿ ಕೂಡ ಎಲ್ಲರ ಸ್ವತ್ತು. ಅವನ್ನ ಕೊಲ್ಲೋ ಹಕ್ಕು ನಾನು ಕೇಳಲ್ಲ. ಕಾಯೋ ಅಧಿಕಾರ ಕೇಳ್ತೀನಿ.

ನಿಮ್ಮ ಊರಲ್ಲಿ ಗ್ರಾಮಸಭೆ ಯಾವತ್ತು ಅಂತ ಪಂಚಾಯ್ತಿಯಲ್ಲಿ ಕೇಳಿ, ಅರಣ್ಯ ಹಕ್ಕು ಸಮಿತಿ ಇದೆಯಾ ಅಂತ ಕೇಳಿ, ಇಲ್ಲ ಅಂದ್ರೆ ಕಾಮೆಂಟಲ್ಲಿ ಊರ ಹೆಸರು ಬರೀರಿ. ಕೂಡಿ ಅರ್ಜಿ ಹಾಕೋಣ.

ಜೈಭೀಮ್.